ಸಹಾಯ ಬೇಕು: ಭಾವಂಗೆ ಆಗಲ್ಲ ಅಂತ ಹೇಗ್ ಹೇಳ್ಲಿ?

ಎಲ್ರಿಗೂ ಕ್ರಿಸ್ತನಲ್ಲಿ ವಂದನೆ. ನಮ್ ಭಾವ, ಕಮ್ಮನಹಳ್ಳೀಲಿರೋ ನಮ್ಮನೇಲಿ ಬಾಡಿಗೆಗಿದ್ದೀನಿ ಅಂತ ಆಫೀಸಲ್ಲಿ ಸುಳ್ಳು ತೋರ್ಸಿ ಎಚ್‌ಆರ್‌ಎ (ಮನೆಬಾಡಿಗೆ ಭತ್ಯೆ ಮೇಲಿನ ಟ್ಯಾಕ್ಸ್ ವಿನಾಯ್ತಿ) ಕ್ಲೇಮ್ ಮಾಡ್ಬೇಕಂತೆ, ಬಾಡಿಗೆ ರಸೀದಿಗೆ ಸೈನ್ ಹಾಕು, ಪ್ಯಾನ್ ನಂಬರ್ ಕೊಡು ಅಂತ ಹಿಂದೆ ಬಿದ್ದಿದಾರೆ (ಬಾಡಿಗೆ ವರ್ಷಕ್ಕೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ಬೇಕಲ್ವಾ, ಅದಕ್ಕೆ). "ಬೆಂಗ್ಳೂರಲ್ಲಿ ಎಲ್ರೂ ಮಾಡ್ತಾರೆ, ಯಾರಿಗ್ ಗೊತ್ತಾಗುತ್ತೆ" ಅಂತಾರೆ, ಅದೂ ಭಾನುವಾರ ಆರಾಧನೆ ಮುಗಿಸ್ಕೊಂಡ್ ಬಂದು ಬಿರಿಯಾನಿ ತಿಂತಾ! ಟ್ಯಾಕ್ಸ್‌ನೋರಿಗೆ ಗೊತ್ತಾಗದೇ ಇರ್ಬೋದು, ಆದ್ರೆ ದೇವರ ಕಣ್ಣಿಗೆ ಮರೆಯಾಗಿರೋದು ಒಂದೂ ಇಲ್ಲ ಅಂತ ಬೈಬಲ್‌ನ ಇಬ್ರಿಯ 4:13ರಲ್ಲಿ ಇದ್ಯಲ್ಲ. ನಾನಂತೂ ಸೈನ್ ಹಾಕಲ್ಲ. ಅಕ್ಕನ ಮನಸ್ಸು ನೋಯಿಸದೆ ಹೇಳೋದ್ ಹೇಗೆ ಅನ್ನೋದೇ ತಲೆನೋವು, ಬೈಬಲ್‌ನಲ್ಲಿ ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳಿ ಸತ್ತುಬಿದ್ದ ಗಂಡ-ಹೆಂಡ್ತಿ ಅನನೀಯ ಸಪ್ಫೈರ ಕಥೆ ತೆಗೆದ್ರೆ ಶಾಪ ಹಾಕಿದಂಗಾಗುತ್ತೆ. ಮನೆಯೋರ ಹತ್ರಾನೇ ಹೀಗ್ ಸಿಕ್ಕಾಕ್ಕೊಂಡೋರು ಏನ್ ಹೇಳಿ ತಪ್ಪಿಸ್ಕೊಂಡ್ರಿ, ಸುಳ್ಳು ನೆಪ ಬೇಡ, ಶನಿವಾರ ಬರ್ತಾರೆ, ಬೇಗ ಹೇಳಿ ಪ್ಲೀಸ್