ಅಪ್‌ಡೇಟ್: ಚಾಕೊಲೇಟ್–ಕೊಬ್ಬರಿ ಸ್ಲೈಸ್ ಈಗ ಪುಡಿಯಾಗುತ್ತಿಲ್ಲ

ಹಳೆಯ ಕಾಲದ ಚಾಕೊಲೇಟ್–ಕೊಬ್ಬರಿ ಸ್ಲೈಸನ್ನು (ಟ್ರೇಯಲ್ಲಿ ಬೇಯಿಸಿ, ಮೇಲೆ ಐಸಿಂಗ್ ಹರಡಿ, ತುಂಡು ಮಾಡುವ ಸಿಹಿ) ಕತ್ತರಿಸುವಾಗ ತಳ ಪುಡಿಯಾಗುವುದಕ್ಕೂ ಐಸಿಂಗ್ ಬಿರುಕು ಬಿಡುವುದಕ್ಕೂ ಪರಿಹಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಎರಡೂ ತೊಂದರೆಗಳು ನಿವಾರಣೆಯಾಗಿವೆ.

ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಮಿಶ್ರಣವನ್ನು ಒತ್ತುವ ಕ್ರಮ. ಮೈದಾ, ಸಕ್ಕರೆ, ಕೋಕೋ ಮತ್ತು ಒಣ ಕೊಬ್ಬರಿ ತುರಿಗೆ ಕರಗಿಸಿದ ಬೆಣ್ಣೆ ಬೆರೆಸಿದಾಗ ಅದು ಒದ್ದೆ ಮರಳಿನಂತೆ ಉದುರುದುರಾಗಿಯೇ ಇರುತ್ತದೆ. ಅದನ್ನು ಟ್ರೇಗೆ ಸುರಿದು, ಚಪ್ಪಟೆ ತಳದ ಲೋಟದಿಂದ ಮೂಲೆಮೂಲೆಗೂ ಬಿಗಿಯಾಗಿ ಒತ್ತಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 20 ನಿಮಿಷ ಬೇಯಿಸಿದರೆ, ಆರುತ್ತಾ ಬಂದಂತೆ ಬೆಣ್ಣೆ ಹೆಪ್ಪುಗಟ್ಟಿ ತಳವೆಲ್ಲ ಒಂದಾಗಿ ಕೂಡಿಕೊಳ್ಳುತ್ತದೆ. ಬಿಸಿಯಿರುವಾಗ ಮೆತ್ತಗಿದೆಯೆಂದು ಮತ್ತೆ ಓವನ್‌ಗೆ ಇಡಬಾರದು. ಹಾಗೆ ಮಾಡಿದರೆ ಕೊಬ್ಬರಿ ಒಣಗಿ ತಳ ಇನ್ನಷ್ಟು ಪುಡಿಯಾಗುತ್ತದೆ.

ಇನ್ನು ಐಸಿಂಗ್: ಐಸಿಂಗ್ ಸಕ್ಕರೆ (ನುಣ್ಣಗಿನ ಪುಡಿ ಸಕ್ಕರೆ), ಕೋಕೋ, ಬಿಸಿನೀರಿನ ಜೊತೆ ಒಂದು ಚಮಚ ಬೆಣ್ಣೆಯನ್ನೂ ಸೇರಿಸಿ, ತಳ ಬೆಚ್ಚಗಿರುವಾಗಲೇ ಹರಡಿದ್ದರಿಂದ ಅದು ಚೆನ್ನಾಗಿ ಅಂಟಿಕೊಂಡಿತು. ಅದು ಪೂರ್ತಿ ಬಿಗಿಯಾಗುವ ಮೊದಲೇ, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿದಾಗ ಅಂಚುಗಳು ನೇರವಾಗಿ ಬಂದವು. ಬಿರುಕು ನಿಜಕ್ಕೂ ತಪ್ಪಿದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಹಸಿ ಕಾಯಿತುರಿ ಆಗುವುದೇ ಎಂದು ಕೇಳಿದವರಿಗೆ: ಅದರಲ್ಲಿ ತೇವ ಹೆಚ್ಚು, ಬೇಗ ಕೆಡುತ್ತದೆ, ಇದಕ್ಕೆ ಒಣ ತುರಿಯೇ ಸರಿ.