ಪದಚರ್ಚೆ: ಒಳಗಿನ ಅಸ್ತರನ್ನು ಹೊರಗೆ ಬಳಿದರೆ ಏನೆನ್ನಬೇಕು?

ಸ್ನೇಹಿತರೇ,

ಒಂದು ಪದ ಕೇಳುವುದಿದೆ. ಅದಕ್ಕೆ ಮೊದಲು ಒಂದು ಹಳೆಯ ಪಿಕಪ್ ಗಾಡಿಯ ಕಥೆ ಹೇಳದೆ ವಿಧಿಯಿಲ್ಲ, ಸಹಿಸಿಕೊಳ್ಳಿ.

ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಚಳಿಗಾಲದಲ್ಲಿ ಹಿಮ ಕರಗಲೆಂದು ಇಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಗಾಡಿಗಳನ್ನು ಕೆಳಗಿನಿಂದ ಮೇಲಕ್ಕೆ ತಿನ್ನುತ್ತಾ ಬರುತ್ತದೆ. ನನ್ನ ಗಾಡಿಯ ಬಾಗಿಲುಗಳ ಕೆಳಗಂಚಿನಲ್ಲಿ, ಚಕ್ರದ ಮೇಲಿನ ಕಮಾನಿನಲ್ಲಿ ಬಣ್ಣದಡಿ ಗುಳ್ಳೆ ಎದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಹೊಸ ಬಣ್ಣ ಹೊಡೆಸುವ ಖರ್ಚು ಕೇಳಿದೆ. ಅಷ್ಟಕ್ಕೆ ಇಂಥದೇ ಇನ್ನೊಂದು ಗಾಡಿ ಬರುತ್ತದೆ. ಕೊನೆಗೆ ಇಲ್ಲಿ ಅನೇಕರು ಮಾಡುವುದನ್ನೇ ಮಾಡಿದೆ: ಬೆಡ್‌ಲೈನರ್ ಡಬ್ಬ ತಂದು, ಮನೆಯ ಮುಂದೆ ಗಾಡಿ ನಿಲ್ಲಿಸಿಕೊಂಡು, ರೋಲರ್ ಹಿಡಿದು ಹೊರಮೈಗೆಲ್ಲ ಬಳಿದೆ.

ಬೆಡ್‌ಲೈನರ್ ಮೂಲತಃ ಹೊರಮೈಗೆ ಹುಟ್ಟಿದ್ದಲ್ಲ. ಪಿಕಪ್ಪಿನ ಹಿಂದೆ ಸಾಮಾನು ಹೇರುವ ತೊಟ್ಟಿ (ಇಂಗ್ಲಿಷಿನಲ್ಲಿ ಬೆಡ್) ಇರುತ್ತದಲ್ಲ, ಅದರ ಒಳಗೆ ಗೀರು ಬೀಳದಿರಲಿ, ತುಕ್ಕು ಹಿಡಿಯದಿರಲಿ ಎಂದು ಹಚ್ಚುವ ದಪ್ಪನೆಯ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ ಅದು. ಕೆಲವು ಬಗೆಗಳಲ್ಲಿ ರಬ್ಬರಿನ ತರಿ ಬೆರೆಸಿರುತ್ತಾರೆ, ಹೇರಿದ ಸಾಮಾನು ಜಾರದಿರಲಿ ಎಂದು.

ಶಿರಸಿ ಸೀಮೆಯಲ್ಲಿರುವ ನನ್ನ ಭಾವ ಫೋಟೊ ನೋಡಿದರು. ಅವರ ಪಿಕಪ್ಪು ಒಂದು ದಿನ ಅಡಿಕೆ ಹೊರುತ್ತದೆ, ಮರುದಿನ ಗೊಬ್ಬರ. ‘ನಮ್ಮ ಗಾಡಿಗೂ ಹೀಗೇ ಮಾಡಬೇಕು, ವಿಧಾನ ಬರೆದು ಕಳಿಸು. ಕನ್ನಡದಲ್ಲಿ ಬರೆ, ಗ್ಯಾರೇಜಿನ ಹುಡುಗನೂ ಓದಬೇಕು’ ಎಂದರು. ಎರಡು ಪುಟ ಬರೆಯಲು ಕುಳಿತವನು ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ಫೋನಿನ ಅನುವಾದವನ್ನು ಕೇಳಿದರೆ ‘ಹಾಸಿಗೆಯ ಒಳಪದರ’ ಎಂದಿತು. ಭಾವನವರು ಓದಿದರೆ ದಿಂಬು ಎಲ್ಲಿ ಎಂದು ಕೇಳುವುದು ಖಂಡಿತ.

ತೊಟ್ಟಿಯ ಒಳಗೆ ಬಳಿಯುವುದಾಗಿದ್ದರೆ ನನಗೆ ತೊಂದರೆಯೇ ಇರಲಿಲ್ಲ. ಕೋಟಿನ ಒಳಗೆ ದರ್ಜಿ ಕೊಡುವ ಬಟ್ಟೆಗೆ ನಾವು ಅಸ್ತರು ಎನ್ನುತ್ತೇವೆ. ಪಾರಸಿಯಿಂದ ಬಂದು ನಮ್ಮದೇ ಆಗಿಹೋದ ಪದ. ‘ತೊಟ್ಟಿಗೆ ರಬ್ಬರಿನ ಅಸ್ತರು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ಒಳಗಿನದ್ದಕ್ಕೆ ಕಲಾಯಿ ಎಂಬ ಇನ್ನೂ ಹತ್ತಿರದ ಪದವೂ ಇದೆ. ಹಿತ್ತಾಳೆ ಪಾತ್ರೆಗೆ ನವಸಾಗರ ಹಾಕಿ ಉಜ್ಜಿ ತವರ ಸವರುವುದು ಒಳಮೈಗೇ, ಹುಳಿ ತಾಗಿ ಕಿಲುಬು ಏಳದಿರಲಿ ಎಂದು. ಕೆಲಸದ ಉದ್ದೇಶ ಕೂದಲೆಳೆಯಷ್ಟೂ ಬೇರೆಯಲ್ಲ. ಆದರೆ ಅದೇ ವಸ್ತುವನ್ನು ಬಾಗಿಲಿನ ಹೊರಗೆ ಬಳಿದಾಗ ಅಸ್ತರು ಎಂದರೆ ಕೋಟನ್ನು ಒಳಗು ಹೊರಗಾಗಿ ತೊಟ್ಟುಕೊಂಡ ಹಾಗೆ ಕೇಳಿಸುತ್ತದೆ. ಇಲ್ಲಿನವರಿಗೆ ಇದರ ಚಿಂತೆಯಿಲ್ಲ. ಡಬ್ಬದ ಮೇಲೆ ಏನಿದೆಯೋ ಅದೇ ಹೆಸರು. ಛಾವಣಿಗೆ ಬಳಿದರೂ ಅದು ಲೈನರ್. ಕನ್ನಡದಲ್ಲಿ ಮೊದಲ ಸಲ ಹೆಸರಿಡುವಾಗಲೂ ಆ ಎಡವಟ್ಟನ್ನು ನಾವು ಹೊರಬೇಕೆ?

ಹೊರಗೆ ಬಳಿಯುವುದು ನಮಗೇನು ಹೊಸತಲ್ಲ. ಕರಾವಳಿಯಲ್ಲಿ ದೋಣಿಗೆ ಗೇರೆಣ್ಣೆ ಹಚ್ಚುತ್ತಾರೆ. ಸೌದೆ ಒಲೆಯ ಕಾಲದಲ್ಲಿ ಮಸಿ ಸುಲಭವಾಗಿ ಬಿಡಲಿ ಎಂದು ಪಾತ್ರೆಯ ತಳಕ್ಕೆ ಬೂದಿ ಕಲಸಿ ಬಳಿಯುತ್ತಿದ್ದರು. ಗೋಡೆಗೆ ಸುಣ್ಣ, ಅಂಗಳಕ್ಕೆ ಸೆಗಣಿ. ಆದರೆ ಗಮನಿಸಿ, ಇಲ್ಲೆಲ್ಲ ನಾವು ಹೇಳುವುದು ವಸ್ತುವಿನ ಹೆಸರು ಮತ್ತು ಕ್ರಿಯಾಪದ ಮಾತ್ರ. ಬಳಿದ ಮೇಲೆ ಉಳಿಯುವ ಆ ಪದರಕ್ಕೆ ಪ್ರತ್ಯೇಕ ಹೆಸರಿಡುವ ಗೋಜಿಗೆ ಹೋಗಿಲ್ಲ. ಲೇಪ ಇದೆಯಲ್ಲ ಎನ್ನುತ್ತೀರಿ. ಇದೆ, ಆದರೆ ನನ್ನ ಕಿವಿಗೆ ಅದು ಗಂಧ, ಅರಿಶಿನ, ಮದ್ದಿನ ಕಡೆಯದು, ತೊಳೆದರೆ ಹೋಗುವಂಥದ್ದು. ಬೆಡ್‌ಲೈನರ್ ತೆಗೆಯಲು ಹೊರಟವರು ತಿಂಗಳುಗಟ್ಟಲೆ ಕೆರೆಯಬೇಕು. ಕವಚ ಎಂದರೆ ಕಳಚಬಹುದಾದದ್ದು. ಹೊದಿಕೆ ಎಂದರೆ ಮತ್ತೆ ಹಾಸಿಗೆಯ ಪಕ್ಕಕ್ಕೇ ಬಂದೆವು.

ಇನ್ನು ಕ್ರಿಯಾಪದಗಳ ವಿಷಯಕ್ಕೆ ಬಂದರೆ ಬಡತನವಲ್ಲ, ಸಿರಿತನದ ತೊಂದರೆ. ತೆಳುವಾಗಿದ್ದರೆ ಸವರು, ನೀರಾಗಿದ್ದು ಅಗಲಕ್ಕೆ ಹರಡಿದರೆ ಬಳಿ, ಎಣ್ಣೆಯೋ ಮುಲಾಮೋ ಆದರೆ ಹಚ್ಚು, ನೆಲವಾದರೆ ಸಾರಿಸು, ಗಟ್ಟಿಯಾದ ಮಣ್ಣಿನಂಥದ್ದಾದರೆ ಮೆತ್ತು. ಬೆಡ್‌ಲೈನರ್ ದೋಸೆಹಿಟ್ಟಿಗಿಂತ ದಪ್ಪ, ಮಣ್ಣಿಗಿಂತ ತೆಳು. ಬಳಿಯುವುದಕ್ಕೂ ಮೆತ್ತುವುದಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಹಳಗನ್ನಡದಲ್ಲಿ ಇದಕ್ಕೆ ಪೂಸು ಎಂಬ ಚೊಕ್ಕ ಪದವಿತ್ತು. ತಮಿಳರು ಅದನ್ನು ಇಂದಿಗೂ ಗೋಡೆಗೂ ಹಣೆಗೂ ನಿಶ್ಚಿಂತೆಯಿಂದ ಬಳಸುತ್ತಾರೆ. ನಮ್ಮಲ್ಲಿ ಪಕಾರ ಹಕಾರವಾಗಿ ಆ ಪದ ಎಲ್ಲಿಗೆ ಬಂದು ನಿಂತಿದೆ ಎಂದು ನಿಮಗೆಲ್ಲ ಗೊತ್ತು. ಭಾವನಿಗೆ ಬರೆಯುವ ಕಾಗದದಲ್ಲಿ ಅದನ್ನು ಬಳಸುವ ಧೈರ್ಯ ನನಗಿಲ್ಲ.

ಆದರೆ ಕೆಲಸದ ನಡುವೆಯೇ ಒಂದು ಪದ ತಾನಾಗಿ ಬಂತು. ಎಡಬಾಗಿಲಿಗೆ ಎರಡನೆಯ ಕೋಟು ನಡೆಯುತ್ತಿತ್ತು. ರೋಲರನ್ನು ತಟ್ಟೆಯಲ್ಲಿ ಅದ್ದಿ, ಹೆಚ್ಚಾದದ್ದನ್ನು ಅಂಚಿಗೆ ಒರೆಸಿ, ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಎಳೆಯುತ್ತಿದ್ದೆ. ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದ ನನ್ನ ಹೆಂಡತಿ ‘ತೊಡೆದೇವು ತೊಡೆದ ಹಾಗೇ ಇದೆ’ ಎಂದಳು. ಹೌದಲ್ಲ! ತೊಡೆದೇವು ನಮ್ಮ ಕಡೆಯ ತೆಳುವಾದ ಸಿಹಿತಿಂಡಿ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಕಬ್ಬಿನಹಾಲು ಬೆರೆತ ಅಕ್ಕಿಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಹೊರಮೈಗೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಕೋಲು, ಬಟ್ಟೆ, ಹೊರಮೈ: ರೋಲರಿನ ಅಜ್ಜಿ ನಮ್ಮ ಅಡುಗೆಮನೆಯಲ್ಲೇ ಇದ್ದಳು.

ಸಮಸ್ಯೆ ಏನೆಂದರೆ, ಗ್ರಂಥಭಾಷೆಯಲ್ಲಿ ತೊಡೆ ಎಂದರೆ ಒರೆಸು, ಅಳಿಸು. ಕಣ್ಣೀರು ತೊಡೆಯುತ್ತೇವೆ, ಕಳಂಕ ತೊಡೆಯುತ್ತೇವೆ. ಬೆಡ್‌ಲೈನರಿನ ವಿಧಾನದಲ್ಲಿ ಎರಡೂ ಕೆಲಸಗಳಿವೆ. ಬಣ್ಣದ ಹೊಳಪು ಪೂರ್ತಿ ಹೋಗುವವರೆಗೆ ಉಪ್ಪುಕಾಗದದಿಂದ ತಿಕ್ಕಿ, ಕ್ಸೈಲೀನ್ ಎಂಬ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ದೂಳನ್ನೂ ಜಿಡ್ಡನ್ನೂ ಒರೆಸಬೇಕು, ಆಮೇಲೆ ಬಳಿಯಬೇಕು. ‘ಮೊದಲು ತೊಡೆಯಿರಿ, ನಂತರ ತೊಡೆಯಿರಿ’ ಎಂದು ಬರೆದರೆ ಶಿರಸಿಯಲ್ಲಿ ನಡೆದೀತು, ಮಂಡ್ಯದಲ್ಲಿ ನಗುತ್ತಾರೆ. ಬಳಿ ಎಂಬ ಅರ್ಥದಲ್ಲಿ ತೊಡೆ ಎನ್ನುವುದು ಉತ್ತರ ಕನ್ನಡ, ಮಲೆನಾಡು ಬಿಟ್ಟು ಬೇರೆ ಎಲ್ಲಾದರೂ ಬಳಕೆಯಲ್ಲಿದೆಯೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಒಣಗುವುದರ ಬಗ್ಗೆ. ಒಂದೇ ಡಬ್ಬದಲ್ಲಿ ಬರುವ ಪಾಲಿಯುರೇಥೇನ್ ಬಗೆ ಗಟ್ಟಿಯಾಗುವುದು ಬರೀ ಒಣಗಿ ಅಲ್ಲ ಎಂಬುದು ನನಗೂ ಹೊಸ ವಿಷಯವಾಗಿತ್ತು. ಅದರಲ್ಲಿರುವ ಐಸೋಸೈಅನೇಟ್ ಎಂಬ ರಾಸಾಯನಿಕ ಗಾಳಿಯಲ್ಲಿನ ನೀರಾವಿಯೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಅಂದರೆ ನೀರು ಆರುವುದಲ್ಲ, ನೀರು ಸೇರುವುದು. ‘ಒಣಗಲು ಬಿಡಿ’ ಎಂದು ಬರೆದರೆ ಭಾವನವರು ಅಡಿಕೆ ಒಣಗಿಸುವ ಅಭ್ಯಾಸದಲ್ಲಿ ಗಾಡಿಯನ್ನು ಸುಡುಬಿಸಿಲಿಗೆ ನಿಲ್ಲಿಸಿಬಿಡುತ್ತಾರೆ. ತೇವ ಅತಿಯಾದರೂ ಕಷ್ಟ: ಆ ಕ್ರಿಯೆಯಲ್ಲಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಪದರದೊಳಗೆ ಗುಳ್ಳೆ ಏಳುತ್ತದೆ. ಮಲೆನಾಡಿನ ಆಷಾಢದಲ್ಲಿ ಈ ಕೆಲಸ ಬೇಡ ಎಂದು ಗೆರೆ ಎಳೆದು ಬರೆದಿದ್ದೇನೆ. ಆದರೆ ಈ ಗಟ್ಟಿಯಾಗುವುದಕ್ಕೆ ಪದ? ಕ್ಯೂರಿಂಗ್ ಎಂದರೆ ನಮ್ಮವರು ಸಿಮೆಂಟಿಗೆ ನೀರು ಹೊಡೆಯುವುದು ಎಂದುಕೊಳ್ಳುತ್ತಾರೆ. ಹೆಪ್ಪುಗಟ್ಟು ಹತ್ತಿರವಿದೆ, ಆದರೆ ಮೊಸರಿನ ಮೆತುವು ನೆನಪಾಗುತ್ತದೆ. ನನಗೆ ಬಲಿ ಎಂಬ ಕ್ರಿಯಾಪದ ಇಷ್ಟವಾಗಿದೆ. ಕಾಯಿ ಬಲಿಯುತ್ತದೆ, ಮರದ ಚೇಗು ಬಲಿಯುತ್ತದೆ. ಮೇಲೆ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲಿಯಲು ದಿನಗಳು ಬೇಕು ಎಂಬುದೂ ಅದರಲ್ಲೇ ಇದೆ. ‘ಎರಡು ದಿನ ಬಲಿಯಲು ಬಿಡಿ’ ಎಂದರೆ ಕೃತಕವಾಗಿ ಕೇಳಿಸುತ್ತದೆಯೇ?

ಎರಡನೆಯ ಕೋಟಿನ ಹೊತ್ತಿಗೆ ಮಾತ್ರ ಪದದ ಚಿಂತೆಯಿಲ್ಲ. ಮೊದಲ ಕೋಟು ಬೆರಳಿಗೆ ಅಂಟಬೇಕು, ಬೆರಳಿನೊಡನೆ ಎದ್ದು ಬರಬಾರದು. ಇದಕ್ಕೆ ಹದ ಎನ್ನುತ್ತೇವೆ. ಪಾಕ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಹದ ಮೀರಿ ಗಟ್ಟಿಯಾದರೆ ಮತ್ತೆ ತಿಕ್ಕಿಯೇ ಬಳಿಯಬೇಕು.

ಅಂಚಿಗೆ ಹಚ್ಚಿದ ಅಂಟುಪಟ್ಟಿಯನ್ನು ಹಸಿ ಇರುವಾಗಲೇ ಕೀಳಬೇಕು. ನಾನು ಹಿಂದಿನ ಚಕ್ರದ ಸುತ್ತ ಮರೆತೆ. ಮರುದಿನ ಎಳೆದರೆ ಪಟ್ಟಿಯ ಜೊತೆ ಬೆರಳಗಲ ಪದರವೂ ಕಿತ್ತು ಬಂತು. ಕೈಗವಸು ಇಲ್ಲದೆ ಮುಟ್ಟಿದ್ದಕ್ಕೆ ಎರಡು ಬೆರಳು ವಾರವಿಡೀ ಕಪ್ಪು. ಹಲಸಿನ ಮೇಣ ಎಣ್ಣೆಗಾದರೂ ಮಣಿಯುತ್ತದೆ, ಇದು ಯಾವುದಕ್ಕೂ ಮಣಿಯಲಿಲ್ಲ. ಇನ್ನು ಆವಿ: ಐಸೋಸೈಅನೇಟ್ ಉಸಿರಿಗೆ ಹೋದರೆ ಆಸ್ತಮಾ ಅಂಟಿಕೊಳ್ಳಬಹುದು, ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಮಾಸ್ಕ್ ಬೇಕು. ಈ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಬಿಸಿಲಿಗೆ ಬೇಗ ಬಿಳಚುವ ಆರೊಮ್ಯಾಟಿಕ್ ಬಗೆಯ ಬೆಡ್‌ಲೈನರ್ ಹೊರಮೈಗೆ ಬೇಡ, ಬಿಸಿಲು ತಾಳುವ ಅಲಿಫ್ಯಾಟಿಕ್ ಬಗೆಯೇ ಇರಲಿ ಎಂದೂ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಆರ್‌ಟಿಒ ಕಚೇರಿಯ ಆ ಓಡಾಟ ಭಾವನವರಿಗೆ ಬಿಟ್ಟದ್ದು.

ತಲೆಬರಹಕ್ಕೆ ಮರಳುತ್ತೇನೆ. ಚಿಕ್ಕವನಿದ್ದಾಗ ನಮ್ಮ ಮನೆಯ ಗೋಡೆ ಎಬ್ಬಿಸಲು ಧಾರವಾಡದ ಕಡೆಯ ಗೌಂಡಿಗಳು ಬಂದಿದ್ದರು. ಅವರು ಗೋಡೆಗೆ ಮೆತ್ತುವ ಗಾರೆಗೆ ಗಿಲಾವು ಎನ್ನುತ್ತಿದ್ದರು. ಒಳಗೋಡೆಗೂ ಗಿಲಾವು, ಹೊರಗೋಡೆಗೂ ಗಿಲಾವು. ಒಳಗು ಹೊರಗಿನ ಹಂಗಿಲ್ಲದ ಪದ. ದಪ್ಪವಿದೆ, ತರಿಯಿದೆ, ತೊಳೆದರೆ ಹೋಗುವುದಿಲ್ಲ. ನನಗೆ ಬೇಕಾದ ಗುಣಗಳೆಲ್ಲ ಅದರಲ್ಲಿವೆ. ಅನುಮಾನ ಇಷ್ಟೇ: ಗೋಡೆ ಬಿಟ್ಟು ತಗಡಿಗೆ ಈ ಪದವನ್ನು ತಂದರೆ ಒಗ್ಗುತ್ತದೆಯೇ? ನಿಮ್ಮ ಕಡೆ ಗಿಲಾವು ಈಗಲೂ ಬಾಯಲ್ಲಿ ಇದೆಯೇ, ಅಥವಾ ಎಲ್ಲೆಡೆ ಪ್ಲಾಸ್ಟರಿಂಗ್ ಆಗಿಹೋಯಿತೇ? ಗೌಂಡಿಗಳನ್ನಾಗಲಿ ಟಿಂಕರಿಂಗ್ ಮಾಡುವವರನ್ನಾಗಲಿ ಬಲ್ಲವರು ದಯವಿಟ್ಟು ಕೇಳಿ ತಿಳಿಸಿ.

ಭಾವನವರು ನಿನ್ನೆ ಮತ್ತೆ ಫೋನ್ ಮಾಡಿದ್ದರು. ಸದ್ಯಕ್ಕೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ‘ಗಾಡಿಗೆ ರಬ್ಬರ್ ಗಿಲಾವು’ ಎಂದು ಬರೆದಿಟ್ಟಿದ್ದೇನೆ.