ಅಪ್‌ಡೇಟ್: ಅವ್ವನ ಧಾರಾವಾಹಿ ರೆಕಾರ್ಡ್ ಮಾಡಲು ಕೊನೆಗೆ ಏನು ತಗೊಂಡೆ

ಹೋದ ತಿಂಗಳು ಕೇಳಿದ್ದೆ. ಬಾಗಲಕೋಟೆಯಲ್ಲಿ ಅವ್ವ ಸಂಜೆ ಗುಡಿಗೆ ಹೋದಾಗ ಧಾರಾವಾಹಿ ತಪ್ಪುತ್ತದೆ, ಡಿವಿಡಿ ರೆಕಾರ್ಡರ್ ಒಳ್ಳೆಯದಾ, ಯುಎಸ್‌ಬಿ ಹಾಕುವ ಸೆಟ್‌ಟಾಪ್ ಬಾಕ್ಸಾ ಅಂತ.

ಹಳೆ ವಿಸಿಆರ್ (ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡುವ ಯಂತ್ರ) ರಿಪೇರಿ ಮಾಡಿಸು ಎಂದಿದ್ದರು ಕಾಕಾ. ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲೇ ವಿಸಿಆರ್ ತಯಾರಿಕೆ ನಿಲ್ಲಿಸಿದೆ, ಬಿಡಿಭಾಗ ಎಲ್ಲಿಂದ ತರೋದು? 4.7 ಜಿಬಿಯ ಡಿವಿಡಿಯಲ್ಲಿ ಒಳ್ಳೆ ಗುಣಮಟ್ಟಕ್ಕೆ ಎರಡೇ ಗಂಟೆ. ಅದೂ ಬೇಡವಾಯಿತು.

ಯುಎಸ್‌ಬಿ ಬಾಕ್ಸೇ ತಗೊಂಡೆ. ಮೊದಲ ದಿನವೇ ಎಡವಟ್ಟು. ಮನೆಯಲ್ಲಿದ್ದ 16 ಜಿಬಿ ಪೆನ್‌ಡ್ರೈವ್ ಹಾಕಿದೆ, ಫಾರ್ಮ್ಯಾಟ್ ಮಾಡಲಾ ಅಂತ ಕೇಳಿತು, ಸುಮ್ನೆ ಓಕೆ ಒತ್ತಿದೆ. ಅಣ್ಣನ ಮದುವೆ ಫೋಟೊ ಎಲ್ಲಾ ಹೋದವು! ಅಣ್ಣನಿಗೆ ಇನ್ನೂ ಹೇಳಿಲ್ಲ.

ಎಚ್‌ಡಿ ಚಾನೆಲ್ 8 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 8 ಮೆಗಾಬಿಟ್) ಬಂದರೆ ಗಂಟೆಗೆ 3.6 ಜಿಬಿ ಬೇಕು. ಅದಕ್ಕೇ ಈಗ 500 ಜಿಬಿ ಹಾರ್ಡ್ ಡಿಸ್ಕ್. ರೆಕಾರ್ಡ್ ಆದದ್ದು ಲಾಕ್ ಆಗಿರುತ್ತದೆ, ಲ್ಯಾಪ್‌ಟಾಪಿನಲ್ಲಿ ಓಡಲ್ಲ. ಬಾಕ್ಸಿನಲ್ಲಿ ಚಾನೆಲ್ ಹಿಡಿಯುವ ಟ್ಯೂನರ್ ಒಂದೇ ಇರುವುದರಿಂದ ಆ ಹೊತ್ತಿಗೆ ಅಪ್ಪ ಬೇರೆ ಚಾನೆಲ್ ನೋಡುವಂತಿಲ್ಲ. ಕ್ರಿಕೆಟ್ ಇದ್ದ ದಿನ ಜಗಳ ಇದ್ದೇ ಇರುತ್ತೆ ಅಲ್ವಾ? ಅವ್ವನಿಗೆ ಮಾತ್ರ ಜಾಹೀರಾತು ಓಡಿಸಿ ನೋಡೋದೇ ಖುಷಿ.